ಹುಳುಮನೆಯ ಗಾಳಿ

ಕಳೆದ ತಿಂಗಳು ತಂಗಿಯ ಮಗಳ ಸೀಮಂತಕ್ಕೆಂದು ರಾಮನಗರದಿಂದ ಮಾಗಡಿ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಡಿಲಲ್ಲಿ ಬಳೆಯ ಪೊಟ್ಟಣ, ಕಾಲ ಹತ್ತಿರ ಚಕ್ಕುಲಿ ಡಬ್ಬಿ. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಮೋರಿ ಒಡೆದು ಹಾಕಿದ್ದರು. ತಗಡಿನ ಹಲಗೆಯ ಮೇಲೆ ಎಡಕ್ಕೆ ತಿರುಗಿದ ಒಂದು ಬಾಣ, ಅದರ ಕೆಳಗೆ ‘ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ’ ಎಂಬ ಅಪ್ಪಣೆ. ನಮ್ಮ ಬಸ್ಸು, ಬಸ್ಸಿನ ಹಿಂದೆ ಟಿಪ್ಪರ್, ಟಿಪ್ಪರಿನ ಹಿಂದೆ ಹಾಲಿನ ವ್ಯಾನು, ಎಲ್ಲವೂ ಸಾಲಾಗಿ ಯಾರದೋ ಊರಿನ ಬೀದಿಗೆ ನುಗ್ಗಿದವು. ಟ್ಯಾಂಕರಿನಿಂದ ಆಗತಾನೇ ನೀರು ಚಿಮುಕಿಸಿದ್ದ ಕಾದ ಮಣ್ಣು, ಅದರ ಮೇಲೆ ಡೀಸೆಲ್ ಹೊಗೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಈ ವಾಸನೆಯನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಅದು ಮೂಗಿಗೆ ಬಡಿದ ಕೂಡಲೇ ನಾನು ಮುಖ ಕಿವುಚಿ ಕಿಟಕಿಯ ಗಾಜು ಎಳೆದೆ.

ಪಕ್ಕದಲ್ಲಿ ಕೂತಿದ್ದ ಇಸ್ತ್ರಿ ಅಂಗಿಯವರು ನನ್ನ ಮುಖ ನೋಡಿ ಸಮಾಧಾನ ಹೇಳಿದರು. “ಒಸಿ ತಡ್ಕೊಬೇಕು ಕಣಕ್ಕ. ರೋಡ್ ಒಂದು ಆಗ್ಬುಡ್ಲಿ, ಬೆಂಗ್ಳೂರೇ ಇಲ್ಲಿಗೆ ಬತ್ತದೆ.”

ಹೀಗೆ ಹೇಳುವಾಗ ಅವರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದರು. ಇಂಥವರನ್ನು ನಾನು ಬಹಳ ಜನರನ್ನು ಬಲ್ಲೆ. ತಡೆದುಕೊಳ್ಳಬೇಕು ಎನ್ನುವವರು ಯಾವಾಗಲೂ ಬಸ್ಸಿನಲ್ಲಿರುತ್ತಾರೆ. ತಡೆದುಕೊಳ್ಳುವವರು ಆ ಬೀದಿಯಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೂತಿರುತ್ತಾರೆ. ನಮ್ಮ ಮನೆಯೂ ಒಂದು ವರ್ಷ ಹಾಗೆಯೇ ಕೂತಿತ್ತು.

ನಮ್ಮೂರು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಮೊದಲು ಆ ಬೀದಿಯಲ್ಲಿ ದಿನಕ್ಕೆರಡು ಸಲ ಬಸ್ಸು ಬಂದರೆ ಹೆಚ್ಚು. ಉಳಿದಂತೆ ಎತ್ತಿನ ಗಾಡಿ, ಹಾಲಿನ ಕ್ಯಾನು ಕಟ್ಟಿದ ಬೈಕು, ಸುಗ್ಗಿಯಲ್ಲಿ ಟ್ರ್ಯಾಕ್ಟರು. ಆ ವರ್ಷ ಯುಗಾದಿ ಕಳೆದ ಮೇಲೆ ದೊಡ್ಡ ರಸ್ತೆಯ ಸೇತುವೆಯನ್ನು ಕೆಡವಿದರು. ಹೊಸದು ಕಟ್ಟುವ ತನಕ ಎಲ್ಲ ವಾಹನವೂ ನಮ್ಮೂರಿನ ಮೇಲೆಯೇ ಹೋಗಲಿ ಎಂದು ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದರು. ಊರಿನವರನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು ಎಂದುಕೊಳ್ಳಬೇಡಿ. ಕೇಳಿದ್ದರೆ ತಮಟೆ ಹೊಡೆಸುತ್ತಿದ್ದರು. ಮೊದಲ ದಿನ ಜಲ್ಲಿ ತುಂಬಿದ ಟಿಪ್ಪರುಗಳು ಸಾಲಾಗಿ ಬಂದಾಗ ಅರಳಿಕಟ್ಟೆಯ ಮೇಲಿದ್ದ ಗಂಡಸರು ದೇವರ ಮೆರವಣಿಗೆ ಬಂತು ಎಂಬ ಹಾಗೆ ಎದ್ದು ನಿಂತರಂತೆ.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನಮ್ಮ ಬಾವ ಮರಿಗೌಡರು, ನನ್ನ ಯಜಮಾನರ ಅಣ್ಣ. ನಮ್ಮದು ಒಟ್ಟು ಮನೆ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಬಾವ ಮತ್ತು ಅವರ ಹೆಂಡತಿ ಪುಟ್ಟಲಕ್ಷ್ಮಕ್ಕ. ನಡುಮನೆಯಲ್ಲಿ ಅತ್ತೆ. ಅಡಿಗೆಮನೆ ಪಕ್ಕದ ಕೋಣೆಯಲ್ಲಿ ನಾನು, ಮತ್ತು ಸರ್ಕಾರಿ ಬಸ್ಸಿನ ಚಾಲಕರಾಗಿ ಮನೆಯಲ್ಲಿದ್ದದ್ದಕ್ಕಿಂತ ದಾರಿಯಲ್ಲಿದ್ದದ್ದೇ ಹೆಚ್ಚಾದ ನನ್ನ ಯಜಮಾನರು. ಹಿಂದೆ ಹಿತ್ತಲು ದಾಟಿದರೆ ಹುಳುಮನೆ, ಅಂದರೆ ರೇಷ್ಮೆಹುಳು ಸಾಕುವ ಮನೆ. ಅದರಾಚೆ ಹಿಪ್ಪುನೇರಳೆ ತೋಟ. ಆ ಹುಳುಮನೆ ನಮ್ಮ ಮನೆಗಿಂತ ಚೆನ್ನಾಗಿತ್ತು. ಎತ್ತರದ ಸೂರು, ನಾಲ್ಕೂ ಕಡೆ ಕಿಟಕಿ, ಕಿಟಕಿಗೆ ಜಾಲರಿ, ಸುತ್ತ ಹೊಂಗೆ ಮರದ ನೆರಳು. ಗಾಳಿ ಆಡುತ್ತಿತ್ತು.

ಹುಳು ಸಾಕುವವರ ಮಡಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹುಳುಮನೆಗೆ ಹೋಗುವವರು ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣ ತುಳಿದು ಒಳಗೆ ಹೋಗಬೇಕು. ಬೀಡಿ ಸೇದಿದವನಿಗೆ ಪ್ರವೇಶವಿಲ್ಲ. ಊದುಬತ್ತಿ ಇಲ್ಲ, ಒಗ್ಗರಣೆಯ ಘಾಟು ಅತ್ತ ಸುಳಿಯಬಾರದು. ಒಂದು ಸಲ ನನ್ನ ನಾದಿನಿ ಹಬ್ಬಕ್ಕೆ ಬಂದವಳು ಪೌಡರ್ ಹಾಕಿಕೊಂಡು ಒಳಗೆ ಹೋಗಲು ನೋಡಿದಾಗ ನಮ್ಮತ್ತೆ ಹೆತ್ತ ಮಗಳು ಎಂದೂ ನೋಡದೆ ಬಾಗಿಲಿಗೆ ಅಡ್ಡ ನಿಂತು, “ಮೊಕ ತೊಳ್ಕೊಂಡ್ ಬಾ ಓಗಮ್ಮಿ, ಉಳ ನಿನ್ನ ಅಂದ ನೋಡಕ್ಕೆ ಕುಂತಿಲ್ಲ” ಎಂದಿದ್ದರು. ಹುಳುವಿಗೆ ಹೊಗೆ ಆಗದು, ಧೂಳು ಆಗದು, ವಾಸನೆ ಆಗದು. ಇದು ನಮ್ಮ ಕಡೆ ಹಸುಗೂಸಿಗೂ ಗೊತ್ತು.

ಟಿಪ್ಪರುಗಳು ಓಡಾಡಲು ಶುರುವಾದ ವಾರದಲ್ಲೇ ಬಾವ ತೋಟದ ಕೆಲಸದವನನ್ನು ತರಾಟೆಗೆ ತೆಗೆದುಕೊಂಡದ್ದು ಕೇಳಿಸಿತು. “ಲೇ, ರೋಡ್ ಪಕ್ಕದ ಸಾಲಿನ ಸೊಪ್ಪು ಯಾಕ್ಲಾ ಕುಯ್ದೆ? ಕಣ್ಣು ಕಾಣಾಕಿಲ್ವಾ? ಎಲೆ ಮ್ಯಾಲೆ ಮಸಿ ಕುಂತದೆ ನೋಡ್ಲಾ, ಕೈಗೆ ಅಂಟ್ತದೆ. ಇದ್ನ ತಿಂದ್ರೆ ಉಳ ಸಪ್ಪೆ ರೋಗ ಒಡ್ಕಂಡು ಸಾಯ್ತವೆ ಕಣ್ಲಾ!”

ಆ ಸೊಪ್ಪನ್ನು ಹಸುವಿಗೆ ಹಾಕಿದರು. ಹಾಕುವ ಮುಂಚೆ ಬಾನಿಯ ನೀರಿನಲ್ಲಿ ಅದ್ದಿ ಜಾಲಿಸಿದರು, ಏಕೆಂದರೆ ಹಸು ಹಾಲು ಕೊಡುತ್ತದೆ.

ಅದೇ ವಾರ ಬಾವ ಮುಂದಿನ ಕೋಣೆಯ ಕಿಟಕಿಯ ಸರಳು ಕೀಳಿಸಿ, ಕಟ್ಟೆಗೆ ಕಡಪಾ ಕಲ್ಲು ಹಾಸಿಸಿ, ಗ್ಯಾಸ್ ಒಲೆ ಇಡಿಸಿ, ಟೀ ಅಂಗಡಿ ತೆರೆದರು. ಅಂಗಡಿ ಬಾವನದು, ಟೀ ಕಾಸುವವಳು ಪುಟ್ಟಲಕ್ಷ್ಮಕ್ಕ. ಲಾರಿಯವರು ನಿಲ್ಲದೆ ಹೋಗುತ್ತಾರೆಂದು ಬಾವನಿಗೆ ಕಳವಳ. ಅದಕ್ಕೂ ಉಪಾಯ ಕಂಡುಹಿಡಿದರು. ಮಕ್ಕಳು ಓಡಾಡುವ ಬೀದಿ, ಅಪಾಯ ಎಂದು ಹೇಳಿಕೊಂಡು, ಕಾಮಗಾರಿಯವರ ಕೈಕಾಲು ಹಿಡಿದು ನಮ್ಮ ಮನೆಯ ನೇರಕ್ಕೆ ಒಂದು ಹಂಪ್ ಹಾಕಿಸಿದರು. ಹಂದಿ ಮಲಗಿದ ಹಾಗಿತ್ತು ಅದು. ಊರಿನವರು ಬಾವನ ಬುದ್ಧಿಗೆ ತಲೆದೂಗಿದರು.

ಹಂಪ್ ಅಂದರೆ ಏನಾಗುತ್ತದೆ ಎಂದು ಬುದ್ಧಿವಂತರು ಯಾರೂ ಯೋಚಿಸಿರಲಿಲ್ಲ. ನಾನು ಕಾಳು ಆರಿಸುತ್ತ ದಿನವೂ ನೋಡುತ್ತಿದ್ದೆ. ಭಾರ ತುಂಬಿದ ಟಿಪ್ಪರ್ ಬಂದು, ಹಂಪಿನ ಮುಂದೆ ಬ್ರೇಕು ಹಾಕಿ, ಮುಂದಿನ ಗಾಲಿ ಏರಿಸಿ ಇಳಿಸಿ, ಆಮೇಲೆ ಹಿಂದಿನ ಗಾಲಿ ಏರಿಸಲು ಡ್ರೈವರು ಮೊದಲ ಗೇರಿಗೆ ಹಾಕಿ ಆಕ್ಸಿಲೇಟರ್ ತುಳಿಯುತ್ತಿದ್ದ. ಆಗ ಹೊಗೆಕೊಳವೆಯಿಂದ ಕಾಗೆಬಣ್ಣದ ಒಂದು ಮುದ್ದೆ ಹೊರಗೆ ಬೀಳುತ್ತಿತ್ತು. ಅದು ಸೀದಾ ಕಿಟಕಿಯ ಒಳಕ್ಕೆ, ಟೀ ಸೋಸುತ್ತಿದ್ದ ಅಕ್ಕನ ಮುಖಕ್ಕೆ. ಒಂದು ಹೋಗುವಷ್ಟರಲ್ಲಿ ಇನ್ನೊಂದು. ಟೀಗೆ ನಿಂತವರು ಎಂಜಿನ್ನು ಆರಿಸುತ್ತಿರಲಿಲ್ಲ. ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂಬ ಭಯವಂತೆ. ಸಂಜೆ ಅಕ್ಕ ಮೂಗೊರೆಸಿದ ಸೆರಗಿನ ತುದಿಯಲ್ಲಿ ಕಾಡಿಗೆ ಬಣ್ಣ. ಅವಳಿಗೆ ಅದೂ ತಮಾಷೆ.

“ನೋಡು ರತ್ನಾ, ಕಣ್ಣಿಗೆ ಹಚ್ಚೋದ ಮೂಗಿಗೆ ಹಚ್ಕಂಡಿವ್ನಿ. ಟೀಗೆ ದುಡ್ಡು, ಹೊಗೆ ಫ್ರೀ.”

ಅಕ್ಕನ ಕೆಮ್ಮು ಶುರುವಾದದ್ದು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ. ಮಳೆಗೆ ಧೂಳು ಕೂರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಕೂರಲಿಲ್ಲ, ಕೆಸರಾಯಿತು. ಮಳೆ ನಿಂತು ಬಿಸಿಲು ಬಂದ ಕೂಡಲೇ ಕೆಸರು ಒಣಗಿ, ಗಾಲಿಗೆ ಸಿಕ್ಕಿ ಹಿಟ್ಟಾಗಿ, ಮೊದಲಿಗಿಂತ ಸಣ್ಣಗಾಗಿ ಮೇಲೆದ್ದಿತು. ಕೆಮ್ಮಿನ ಜೊತೆ ಜ್ವರ, ಎದೆಯ ಬಲಗಡೆ ಚುಚ್ಚಿದ ನೋವು. ಪಕ್ಕದೂರಿನ ಸೂಜಿ ಡಾಕ್ಟರ ಹತ್ತಿರ ಬಾವ ಕರೆದುಕೊಂಡು ಹೋದರು. ಓದಿದ್ದೇನೋ ಯಾರಿಗೂ ಗೊತ್ತಿಲ್ಲ, ಆದರೆ ಯಾವ ಕಾಯಿಲೆಗೂ ಒಂದೇ ಸೂಜಿ ಎಂಬ ಸಮಾನತೆ ಅವರಲ್ಲಿತ್ತು. ಒಂದು ಸೂಜಿ ಚುಚ್ಚಿ, ಪೇಪರಿನಲ್ಲಿ ಕೆಂಪು ಮಾತ್ರೆ ಕಟ್ಟಿಕೊಟ್ಟರು. ಜ್ವರ ಇಳಿಯಿತು, ಮಾತ್ರೆ ನಿಲ್ಲಿಸಿದರು. ಮತ್ತೆ ಬಂತು, ಈ ಸಲ ಹಳದಿ ಮಾತ್ರೆ. ಅದೂ ಇಳಿಯಿತು, ಮತ್ತೂ ಬಂತು. “ಎರಡು ಬಣ್ಣ ಆಯ್ತು, ಇನ್ನು ನೀಲಿ ಬರಬೇಕು” ಎಂದಳು ಅಕ್ಕ.

ನಡುವೆ ಗೌರಿ ಹಬ್ಬ ಬಂತು. ಕೋಡಿಹಳ್ಳಿ ಕಡೆ ಅಕ್ಕನ ತವರು. ಬೆಟ್ಟದ ಸೆರಗಿನ ಊರು, ವಾಹನ ಕಡಿಮೆ. ಬಾಗಿನ ತೆಗೆದುಕೊಳ್ಳಲು ಹೋದವಳನ್ನು ಅವಳ ಅಣ್ಣ ಕೆಮ್ಮು ನೋಡಿ ಕಳಿಸಲಿಲ್ಲ, ಗಣೇಶನನ್ನು ಬಿಟ್ಟು ಎಷ್ಟೋ ದಿನವಾದ ಮೇಲೆ ತಾನೇ ಕರೆತಂದು ಬಿಟ್ಟು ಹೋದ. ಬಸ್ಸಿಳಿದು ಬಂದ ಅಕ್ಕನ ಮುಖದಲ್ಲಿ ಬಣ್ಣ ಬಂದಿತ್ತು. ಕೆಮ್ಮು ಇರಲಿಲ್ಲ. ಮೆಟ್ಟಿಲು ಹತ್ತಿದರೂ ಉಬ್ಬಸ ಇರಲಿಲ್ಲ. ನಾನು ಬಾವನ ಹತ್ತಿರ ಮೆಲ್ಲಗೆ ಪ್ರಸ್ತಾಪ ಮಾಡಿದೆ, “ಬಾವ, ಅಲ್ಲಿ ಗಾಳಿ ಚೆನ್ನಾಗಿದೆ. ಸೇತುವೆ ಆಗೋ ತನಕ ಅಕ್ಕ ಅಲ್ಲೇ ಇರಲಿ.”

“ಗಾಳಿಯೂ ಇಲ್ಲ ಗೀಳಿಯೂ ಇಲ್ಲ ರತ್ನಮ್ಮ. ತವ್ರಲ್ಲಿ ಕೆಲ್ಸ ಇಲ್ಲ, ಅದ್ಕೆ ಕೆಮ್ಮೂ ಇಲ್ಲ. ಇಲ್ಲಿ ಟೀ ಕಾಸೋರ್ಯಾರು?”

“ನೀವು ಕಾಸಿ.”

“ನಾನಾ?” ಎಂದು ಬಾವ ನಕ್ಕುಬಿಟ್ಟರು. ನಾನು ನಗೆಹನಿ ಹೇಳಿದೆ ಎಂದುಕೊಂಡರೋ ಏನೋ. “ಉಳ ಕಾಯೋರ್ಯಾರು ಅಂಗಾರೆ?”

ಆ ಹೊತ್ತಿಗೆ ಬಾವ ಮುಂದಿನ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಹುಳುವಿಗೆ ಇಲಿ ಬೀಳುತ್ತದೆ, ಹಲ್ಲಿ ಬೀಳುತ್ತದೆ, ಕಾವಲು ಬೇಕು ಎಂದು ಹೇಳಿ ಹುಳುಮನೆಯ ಮೂಲೆಯಲ್ಲಿ ಮಂಚ ಹಾಕಿಕೊಂಡಿದ್ದರು. ಹುಳು ಇಲ್ಲದ ದಿನಗಳಲ್ಲೂ ಆ ಮಂಚ ಅಲ್ಲೇ ಇರುತ್ತಿತ್ತು. ಅವರ ಮೂಗಿನಲ್ಲಿ ಕಾಡಿಗೆ ಇರಲಿಲ್ಲ.

ದೀಪಾವಳಿಗೆ ಮುಂಚೆ ಒಬ್ಬ ಮುಖಂಡರು ಸೇತುವೆ ನೋಡಲು ಬಂದರು. ಅವರು ಬರುವ ಬೆಳಗ್ಗೆ ಎಂದೂ ಕಾಣದ ನೀರಿನ ಟ್ಯಾಂಕರ್ ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿತು. ಮಧ್ಯಾಹ್ನದ ಹೊತ್ತಿಗೆ ಅವರ ಕಾರು ನಮ್ಮ ಹಂಪಿನ ಮೇಲೆ ಹತ್ತಿ ಇಳಿದು ಅಂಗಡಿ ಮುಂದೆ ನಿಂತಿತು. ಬಾವ ಪಂಚೆ ಇಳಿಬಿಟ್ಟು ಓಡಿಹೋದರು. ಮುಖಂಡರು ಕಾರಿನ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದರು. ಅಷ್ಟರಲ್ಲೇ ಟೀ ಲೋಟ ಒಳಗೆ ಹೋಯಿತು, ಮಾತು ಹೊರಗೆ ಬಂತು. “ಅಭಿವೃದ್ಧಿ ಅಂದ್ಮೇಲೆ ಒಸಿ ಧೂಳು ಇದ್ದೇ ಇರ್ತದೆ ಗೌಡ್ರೆ.” ಕಿಟಕಿಯೊಳಗಿಂದ ಅಕ್ಕ ಕೆಮ್ಮಿದಳು. “ಯಾರದು, ಹುಷಾರಿಲ್ವಾ?” ಎಂದರು. ಬಾವ, “ಏನಿಲ್ಲ ಸ್ವಾಮಿ, ಶೀತ,” ಎಂದರು. ಗಾಜು ಏರಿತು. ಟೀ ಲೋಟ ವಾಪಸು ಬರಲಿಲ್ಲ. ಸ್ಟೀಲಿನದು, ಅಕ್ಕನ ತವರಿನದು.

ಚಳಿಗಾಲದಲ್ಲಿ ಹೊಗೆ ಮೇಲೆ ಹೋಗುವುದನ್ನೇ ಮರೆಯಿತು. ಬೆಳಗ್ಗೆ ಬಾಗಿಲು ತೆಗೆದರೆ ಬೀದಿಯ ಮೇಲೆ ಮೊಣಕಾಲಿನಿಂದ ತಲೆಯವರೆಗೆ ಬೂದುಬಣ್ಣದ ಕಂಬಳಿ. ಆಗ ಮನೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಅಕ್ಕನಿಗೆ ಮತ್ತೆ ಜ್ವರ ಏರಿತು. ಹುಳುಮನೆಯಲ್ಲಿ ಇನ್ನೇನು ಗೂಡು ಕಟ್ಟಬೇಕಾದ ಹುಳುಗಳು ಸಪ್ಪೆಯಾದವು. ಸೊಪ್ಪು ಸಾಲದೆ ಬಂದಾಗ ಬಾವನೇ, ಮಳೆ ಬಂದು ತೊಳೆದಿದೆ ಬಿಡು ಎಂದು ರಸ್ತೆ ಪಕ್ಕದ ಸಾಲಿನದನ್ನು ಕುಯ್ಯಿಸಿದ್ದರು. ಮೇಯುವ ಸದ್ದು ಜಡಿಮಳೆಯಂತಿದ್ದ ಹುಳುಮನೆ ಒಂದೇ ಬೆಳಗಿಗೆ ಮೌನವಾಯಿತು. ಹುಳುಗಳು ಮೆತ್ತಗಾಗಿ, ಬಾಯಿಂದ ನೀರು ಬಿಟ್ಟು, ಕಪ್ಪಾಗಿ ಕೊಳೆತವು. ಆ ನಾತ ಕೆಟ್ಟದ್ದು.

ಆ ದಿನ ನಮ್ಮ ಮನೆಗೆ ಸಾವಾದ ಮನೆಗೆ ಬಂದಂತೆ ಜನ ಬಂದರು. ಅತ್ತೆ ಹುಳುಮನೆಯ ಮೆಟ್ಟಿಲ ಮೇಲೆ ಕೂತು, “ಬಾಯಿಲ್ಲದ ಜೀವಗಳು, ಎಂಗೆ ಒದ್ದಾಡವೋ” ಎಂದು ಸೆರಗು ಕಣ್ಣಿಗಿಟ್ಟರು. ಬಾವ ಊಟ ಬಿಟ್ಟರು. ಬಂದವರೆಲ್ಲ ಬಾವನ ಹೆಗಲ ಮೇಲೆ ಕೈಯಿಟ್ಟು, “ಒಗೆ ಕುಂತ ಸೊಪ್ಪು ಕೊಡಬಾರ್ದಾಗಿತ್ತು ಮರಿಗೌಡ” ಎಂದು ಬುದ್ಧಿ ಹೇಳಿದರು. ಹಾಗೆ ಬಂದು ಹೋದವರಲ್ಲಿ ಒಬ್ಬರೂ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತೇ ಉಸಿರಾಡುತ್ತಿದ್ದವಳ ಕಡೆ ತಿರುಗಲಿಲ್ಲ. ನಾನು ಗಂಜಿ ಹಿಡಿದುಕೊಂಡು ಹೋದಾಗ ಅಕ್ಕ ಕೇಳಿದಳು, “ಯಾಕಮ್ಮಿ ಇಷ್ಟೊಂದ್ ಜನ? ನಾನಿನ್ನೂ ಹೋಗಿಲ್ವಲ್ಲ.” ನಗಲು ಹೋಗಿ ಕೆಮ್ಮಿದಳು. ಉಗಿದದ್ದು ತುಕ್ಕಿನ ಬಣ್ಣವಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗೆ.

ನಾನು ಯಾರನ್ನೂ ಕೇಳಲಿಲ್ಲ. ಆ ದಿನ ಯಜಮಾನರು ರಜೆಯಲ್ಲಿದ್ದರು. ಆಟೋ ಕರೆತರಲು ಹೇಳಿದೆ. ಬಾವ ಹಿತ್ತಲಿನಿಂದ, “ಸೂಜಿ ಹಾಕ್ಸಿದ್ರೆ ಸಾಲ್ದಾ?” ಎಂದರು. ಯಜಮಾನರು ಬಾವನ ಎದುರು ಜೀವಮಾನದಲ್ಲಿ ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಆಟೋದಲ್ಲಿ ಕೂರಿಸಿದರು. ರಾಮನಗರದ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಕಫ ಪರೀಕ್ಷೆಗೆ ಕಳಿಸಿದರು. ಅಲ್ಲಿ ಅಕ್ಕ ಎಷ್ಟು ದಿನ ಇದ್ದಳೋ ಅಷ್ಟೂ ದಿನ ನಾನು ಪಕ್ಕದ ಸ್ಟೂಲಿನ ಮೇಲಿದ್ದೆ. ಬಾವ ಒಂದು ಸಲ ಬಂದರು. ಬಾಳೆಹಣ್ಣು ತಂದಿದ್ದರು. ವಾರ್ಡಿನಲ್ಲಿ ಫಿನಾಯಿಲ್ ವಾಸನೆ ತಡೆಯಲಾಗುವುದಿಲ್ಲ ಎಂದು ಬೇಗ ಹೊರಟುಹೋದರು.

ಎದೆಯ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಸಮಾಧಾನವಾಗಿ ಕೇಳುವವರು. ಸೌದೆ ಒಲೆಯೇ? ಅಲ್ಲ, ಗ್ಯಾಸ್. ಮನೆಯಲ್ಲಿ ಬೀಡಿ ಸೇದುತ್ತಾರೆಯೇ? ಇಲ್ಲ, ಹುಳು ಸಾಕುವ ಮನೆ. “ಹಾಗಾದ್ರೆ ಇವರು ದಿನವೆಲ್ಲ ಎಲ್ಲಿರ್ತಾರೆ? ಎಲ್ಲಿ ಮಲಗ್ತಾರೆ?” ಎಂದರು. ಹೇಳಿದೆ. ಹಂಪ್ ಎಂದಾಗ ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ನೋಡಿ, ನಮ್ಮೆಲ್ಲರ ಮೂಗಿನಲ್ಲಿ, ಗಂಟಲಲ್ಲಿ, ಎದೆಯೊಳಗೂ ಸ್ವಲ್ಪ ಬ್ಯಾಕ್ಟೀರಿಯಾ ಯಾವಾಗಲೂ ಇರ್ತವೆ. ಒಳ್ಳೆಯವೂ ಇರ್ತವೆ, ಕೆಟ್ಟವೂ ಇರ್ತವೆ. ಆರೋಗ್ಯವಾಗಿರೋ ತನಕ ಅವುಗಳ ಪಾಡಿಗೆ ಅವು ಇರ್ತವೆ. ವಾಹನದ ಹೊಗೆಯ ಮಸಿ ದಿನಾ ಒಳಗೆ ಹೋದರೆ ಶ್ವಾಸಕೋಶದ ಕಾವಲು ಸೋಲ್ತದೆ. ಕೆಟ್ಟವು ಮೂಗಿನಿಂದ ಕೆಳಗಿಳಿದು ಎದೆ ಸೇರ್ತವೆ. ಆ ಮಸಿ ಕಣ ಸಿಕ್ಕಿದರೆ ಕೆಲವು ಅಂಟು ಸುತ್ತಿಕೊಂಡು ಇನ್ನೂ ಗಟ್ಟಿಯಾಗಿ ಕೂರ್ತವೆ ಅಂತ ತಿಳಿದವರು ಹೇಳ್ತಾರೆ. ಆಗ ಮಾತ್ರೆ ಅವಕ್ಕೆ ಸರಿಯಾಗಿ ತಟ್ಟೋದಿಲ್ಲ. ಇವರಿಗೆ ಅರ್ಧಂಬರ್ಧ ಮಾತ್ರೆ ಬೇರೆ ಕೊಟ್ಟಿದ್ದಾರೆ. ಈ ಸಲ ಉಳಿಸಿದ್ದೇವೆ. ಆದರೆ ಬಲಗಡೆ ಕೆಳಭಾಗ ಮೊದಲಿನ ಹಾಗೆ ಆಗೋದು ಕಷ್ಟ. ಮತ್ತೆ ಅದೇ ಕೋಣೆಗೆ ಹೋದರೆ ಮುಂದಿನ ಸಲ ನಾನು ಭರವಸೆ ಕೊಡಲಾರೆ.”

ನನಗೆ ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ರೇಷ್ಮೆ ಇಲಾಖೆಯವರು ನಮ್ಮ ಹಿತ್ತಲಿನಲ್ಲೇ ತರಬೇತಿ ಮಾಡಿದ್ದರು. ಹುಳುವಿನ ಹೊಟ್ಟೆಯಲ್ಲಿ ರೋಗಾಣು ಮೊದಲೇ ಇರುತ್ತದೆ, ಕೊಳಕು ಸೊಪ್ಪಿನಿಂದ ಹುಳು ಸೋತಾಗ ಅದು ಹೆಚ್ಚಿ ಸಪ್ಪೆ ಬರುತ್ತದೆ, ಬಂದ ಮೇಲೆ ಔಷಧಿಯಿಲ್ಲ, ಬರದ ಹಾಗೆ ನೋಡಿಕೊಳ್ಳಬೇಕು ಎಂದು ಹೇಳಿದ್ದರು. ಬಾವ ಅದನ್ನು ಬಾಯಿಪಾಠ ಮಾಡಿಕೊಂಡು ಊರಿಗೆಲ್ಲ ಹೇಳುತ್ತಿದ್ದರು. ವಿದ್ಯೆ ಇಲ್ಲದೆ ಕೆಟ್ಟರೆ ಅಯ್ಯೋ ಪಾಪ ಎನ್ನಬಹುದು. ನಮ್ಮ ಮನೆಯಲ್ಲಿ ವಿದ್ಯೆ ಇತ್ತು. ಅದು ಹಿತ್ತಲು ದಾಟಿ ಮುಂದಿನ ಕೋಣೆಗೆ ಬರುತ್ತಿರಲಿಲ್ಲ.

ಅಕ್ಕನನ್ನು ಕರೆತಂದೆವು. ಕೋಡಿಹಳ್ಳಿಗೆ ಕಳಿಸೋಣವೆಂದರೆ ಅವಳ ಅಣ್ಣನ ಮನೆಯಲ್ಲಿ ಬಾಣಂತಿ, ಹಸುಗೂಸು. ಕೆಮ್ಮುವವಳು ಅಲ್ಲಿಗೆ ಹೋಗುವುದಿಲ್ಲ ಎಂದು ಅಕ್ಕನೇ ಹಟ ಹಿಡಿದಳು. ನಡುಮನೆಯಲ್ಲಿ ಮಲಗಿಸಿದೆವು. ಮುಂಬಾಗಿಲು ತೆಗೆದಾಗಲೆಲ್ಲ ಹೊಗೆ ನೆಂಟರ ಹಾಗೆ ನೇರ ಅಲ್ಲಿಗೇ ಬಂದು ಕೂರುತ್ತಿತ್ತು. ಅಡಿಗೆಮನೆ ಪಕ್ಕದ ನನ್ನ ಕೋಣೆಯಲ್ಲಿ ಒಗ್ಗರಣೆಗೆ ಕೆಮ್ಮು. ಸೇತುವೆ ಇನ್ನೂ ಕಂಬದಲ್ಲೇ ನಿಂತಿತ್ತು. ನಾನು ಅತ್ತೆಯ ಹತ್ತಿರ ಹೇಳಿದೆ, “ಅಮ್ಮ, ಹುಳುಮನೆ ಖಾಲಿ ಇದೆ. ಅಕ್ಕನನ್ನ ಅಲ್ಲಿಗೆ ಹಾಕೋಣ.”

ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಉಳದ ಮನೇಲಿ ಕೆಮ್ಮೋಳ್ನ ಮಲಗ್ಸದಾ? ಲಕ್ಷ್ಮಿ ಇರೋ ಜಾಗ ಕಣಮ್ಮಿ ಅದು!”

“ಇವಳ ಹೆಸರೂ ಲಕ್ಷ್ಮಿಯೇ ಅಲ್ವಾ ಅಮ್ಮ.”

“ಬಾಯಿಗೆ ಬಾಯಿ ಕೊಡ್ಬ್ಯಾಡ. ವಾರದಲ್ಲಿ ಹೊಸ ಉಳ ಬತ್ತವೆ. ಇಂಥೋಳು ಮಲಗಿ ಎದ್ದ ಜಾಗದಲ್ಲಿ ಬೆಳೆ ಎದ್ದದಾ?”

ಒಳಗಿನಿಂದ ಅಕ್ಕನೇ, “ಬ್ಯಾಡ ಕಣ್ ರತ್ನಾ. ನನ್ನ ದೆಸೆಯಿಂದ ಹುಳ ಸತ್ವು ಅನ್ನೋ ಮಾತು ನಂಗ್ ಬ್ಯಾಡ” ಎಂದಳು. ಅದು ನನ್ನನ್ನು ಉರಿಸಿತು. ಹುಳುವಿಗೆ ಸೊಪ್ಪು ಹಾಕುವುದರಲ್ಲಿ, ಹಿಕ್ಕೆ ತೆಗೆಯುವುದರಲ್ಲಿ, ಗೂಡು ಕಟ್ಟಲು ಹಣ್ಣಾದ ಹುಳು ಆರಿಸುವುದರಲ್ಲಿ ಆ ಮನೆಯಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ. ಅಷ್ಟು ವರ್ಷ ಆ ಹುಳುಗಳಿಗೆ ಉಸಿರಾಡಲು ಜಾಗ ಮಾಡಿಕೊಟ್ಟವಳು, ತನಗೆ ಅಷ್ಟು ಜಾಗ ಕೇಳಲು ಹೆದರುತ್ತಿದ್ದಳು. ಅವಳನ್ನು ಹಾಗೆ ಮಾಡಿದ್ದು ಹೊಗೆಯಲ್ಲ.

ನಾನು ಜಗಳವಾಡುವ ಜಾತಿಯವಳಲ್ಲ. ಒಂದು ಕೆಲಸ ಹಿಡಿದರೆ ನಿಧಾನವಾಗಿ ಮುಗಿಸುತ್ತೇನೆ. ಹಿಂದಿನ ಬೆಳೆ ಕೊಳೆತ ಮೇಲೆ ಹುಳುಮನೆಗೆ ಬ್ಲೀಚಿಂಗ್ ಹಾಕಿ ತೊಳೆದಿದ್ದರು. ನಾನು ದಿನವೂ ಬರಿ ನೀರು ಹಾಕಿ ಗೋಡೆ ನೆಲ ಉಜ್ಜಿದೆ, ಆ ಘಾಟು ಹೋಗುವ ತನಕ ಕಿಟಕಿ ತೆರೆದಿಟ್ಟೆ. ಹೊಸ ಬೆಳೆಗೆ ಸಿದ್ಧ ಮಾಡುತ್ತಿದ್ದಾಳೆ ಎಂದು ಬಾವ ಮೆಚ್ಚಿಕೊಂಡರು. “ಒಳ್ಳೆ ಕೆಲ್ಸ ರತ್ನಮ್ಮ, ಧೂಳು ಒಸೀನೂ ಇರಬಾರ್ದು.” ನಾನು ಒಂದಿಷ್ಟೂ ಬಿಡಲಿಲ್ಲ.

ಹೊಸ ಹುಳು ಬರುವ ಬೆಳಗ್ಗೆ ಬಾವ ಬೈಕು ಹತ್ತಿ ಚಾಕಿ ತರಲು ಹೋದರು. ಚಾಕಿ ಎಂದರೆ ಮೊಟ್ಟೆಯೊಡೆದು ಒಂದೆರಡು ಪೊರೆ ಬಿಟ್ಟ ಎಳೆಯ ಹುಳು, ಅದನ್ನು ಸಾಕಿ ಮಾರುವವರಿಂದ ತರುತ್ತೇವೆ. ಅತ್ತೆ ಹಾಲು ಹಾಕಲು ಡೈರಿಗೆ ಹೋಗಿದ್ದರು. ನಾನು ಬಾವನ ಮಂಚದ ಹಾಸಿಗೆ ಸುತ್ತಿ ಹೊರಗಿಟ್ಟು, ಒಗೆದ ದುಪ್ಪಟಿ ಹಾಸಿ, ಅಕ್ಕನ ತೋಳು ಹಿಡಿದು ಹಿತ್ತಲು ದಾಟಿಸಿದೆ. ಬಾಗಿಲಲ್ಲಿ ಅವಳು ನಿಂತುಬಿಟ್ಟಳು.

“ಬ್ಯಾಡ ರತ್ನಾ.”

“ನಡಿ.”

“ಅವ್ರು ಬೈತಾರೆ.”

“ಬೈಯ್ಯಲಿ. ಬೈಯ್ಯೋಕೆ ಅವರಿಗೆ ಉಸಿರಿದೆ.”

ಮಲಗಿದವಳು ಕಿಟಕಿಯ ಕಡೆ ಮುಖ ಮಾಡಿದಳು. ತೋಟದ ಮೇಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಕೆಮ್ಮಿ ಕೆಮ್ಮಿ ನಿಂತು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ನಾನು ಹೊಸ್ತಿಲಿಗೆ ಅಡ್ಡವಾಗಿ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯಲು ಕೂತೆ.

ಮೊದಲು ಅತ್ತೆ ಬಂದರು. ಒಳಗೆ ಇಣುಕಿ ನೋಡಿ ಎದೆ ಬಡಿದುಕೊಂಡರು. ನಾನು ಕಾಯಿ ಸುಲಿಯುತ್ತಲೇ ಇದ್ದೆ. ಆಮೇಲೆ ಬಾವ. ಎರಡೂ ಕೈಯಲ್ಲಿ ಚಾಕಿಯ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಹಸುಗೂಸು ಹಿಡಿದವರ ಹಾಗೆ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಹಿತ್ತಲಿಗೆ ಬಂದರು. ಮೇಲಿನ ತಟ್ಟೆಗೆ ಧೂಳು ಬೀಳದಂತೆ ಒದ್ದೆ ಬಟ್ಟೆ ಹೊದಿಸಿದ್ದರು. ನನ್ನನ್ನು ನೋಡಿದರು, ನನ್ನ ಹಿಂದೆ ಮಂಚ ನೋಡಿದರು.

“ಏನಿದು ರತ್ನಮ್ಮ? ಇವ್ಳ್ಯಾಕೆ ಇಲ್ಲಿ?”

“ಡಾಕ್ಟರು ಹೇಳಿದ್ದಾರೆ ಬಾವ.”

“ಅಯ್ಯೋ! ಬಿಸ್ಲು ಏರ್ತಾ ಐತೆ, ಉಳ ಬಾಡ್ತವೆ. ಎಬ್ಬುಸು ಅವ್ಳ್ನ. ಇವ್ನ ಎಲ್ಲಿ ಮಡಗ್ಲಿ ನಾನು?”

“ಮುಂದಿನ ಕೋಣೆ ಖಾಲಿ ಇದೆ. ಅಲ್ಲಿ ಇಡಿ.”

ಬಾವನ ಮುಖದಲ್ಲಿ ನಿಜವಾದ ಭಯ ಕಂಡೆ. ಅಷ್ಟು ವರ್ಷದಲ್ಲಿ ನಾನು ನೋಡಿದ ಮೊದಲ ನಿಜವಾದ ಭಯ. ತಟ್ಟೆಗಳನ್ನು ಎದೆಗೆ ಇನ್ನಷ್ಟು ಹತ್ತಿರ ಒತ್ತಿಕೊಂಡು ಕಿರುಚಿದರು. “ತಲೆಗಿಲೆ ಕೆಟ್ಟದಾ? ಆ ರೂಮಲ್ಲಿ ಉಳ ಬದುಕ್ತವಾ? ಒಂದ್ ದಿನದಲ್ಲಿ ಸತ್ತೋಯ್ತವೆ!”

ಅತ್ತೆ ಎದೆ ಬಡಿದುಕೊಳ್ಳುತ್ತಿದ್ದ ಕೈಯನ್ನು ಹಾಗೇ ಎದೆಯ ಮೇಲಿಟ್ಟುಕೊಂಡು ಮಗನ ಮುಖ ನೋಡಿದರು. ತಾವು ಹೇಳಿದ್ದು ಬಾವನಿಗೇ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಒಳಗಿನಿಂದ ಅಕ್ಕನ ದನಿ ಬಂತು. ಎಚ್ಚರವಾಗಿದ್ದಳು. “ಯಾಕೆ ಬದುಕಾಕಿಲ್ಲ? ನಾನು ಇದ್ನಲ್ಲ. ಮಡಗಿ.”

ಬಿಸಿಲು ಏರುತ್ತಿತ್ತು. ನಿಂತು ವಾದ ಮುಗಿಸುವಷ್ಟು ಹೊತ್ತು ಎಳೆಯ ಹುಳು ತಡೆಯುವುದಿಲ್ಲ. ಬಾವ ಮೈಮೇಲಿನ ಟವೆಲ್ಲನ್ನೂ ತೆಗೆದು ತಟ್ಟೆಗೆ ಹೊದಿಸಿ, ಊರಾಚೆ ತೋಟದ ಮನೆಯಲ್ಲಿ ಹುಳು ಸಾಕುತ್ತಿದ್ದ ತಮ್ಮ ದಾಯಾದಿಯ ಹುಳುಮನೆಗೆ ನಡೆದುಕೊಂಡೇ ಹೋದರು. ಬೀದಿಗೆ ಇಳಿದರೆ ಹೊಗೆ ತಾಗೀತು ಎಂದು ತೋಟದ ಒಳಗಿನಿಂದಲೇ. ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತು, ಮೊರದಿಂದ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದರು. ಅದಕ್ಕಿಂತ ಹೆಚ್ಚು ಅವರಿಂದ ನಾನು ನಿರೀಕ್ಷಿಸಿರಲಿಲ್ಲ.

ಸೇತುವೆ ಮುಗಿಯುವ ತನಕ ಅಕ್ಕ ಆ ಹುಳುಮನೆಯಲ್ಲೇ ಇದ್ದಳು. ಟೀ ಅಂಗಡಿ ತಾನಾಗಿಯೇ ಮುಚ್ಚಿತು, ಕಾಸುವವರು ಇರಲಿಲ್ಲ. ಅಕ್ಕನ ಜ್ವರ ಮತ್ತೆ ಬರಲಿಲ್ಲ. ಕೆಮ್ಮು ಇಳಿಯಿತು. ಬಲಗಡೆಯ ಕೆಳಭಾಗ ಮಾತ್ರ ಡಾಕ್ಟರು ಹೇಳಿದ ಹಾಗೆಯೇ ಉಳಿಯಿತು. ನೀರಿನ ಬಿಂದಿಗೆ ಎತ್ತಿದರೆ, ಏರು ಹತ್ತಿದರೆ, ಗಟ್ಟಿಯಾಗಿ ನಕ್ಕರೆ ಉಸಿರು ಹಿಡಿಯುತ್ತದೆ. ಇನ್ನು ಅದು ಹಾಗೆಯೇ.

ಈಗ ಬಾವ ಮದುವೆಮನೆಗಳಲ್ಲಿ, ತಿಥಿಮನೆಗಳಲ್ಲಿ ಪಂಕ್ತಿ ಏಳುವ ತನಕ ಕೂತು ಆ ವರ್ಷದ ಕತೆ ಹೇಳುತ್ತಾರೆ. “ಎಂಡ್ತಿ ಎದೆಗೋಸ್ಕರ ಒಂದ್ ಇಡೀ ಬೆಳೆ ಬುಟ್ಬುಟ್ಟೆ ಕಣ್ರಪ್ಪ. ಉಳದ ಮನೇನೇ ಬುಟ್ಟುಕೊಟ್ಟೆ. ಇದ್ದದ್ದು ಬದ್ದದ್ದು ಹೋದ್ರೆ ಹೋಗ್ಲಿ, ಜೀವ ಮುಖ್ಯ.” ಕೇಳಿದವರು ಹೌದು ಹೌದು ಎನ್ನುತ್ತಾರೆ. ಹೆಂಗಸರು ಅಕ್ಕನ ಕಡೆ ತಿರುಗಿ, ಪುಣ್ಯ ಮಾಡಿದ್ದೆ ಕಣವ್ವ ಎನ್ನುತ್ತಾರೆ. ಆ ಮಾತು ಬಂದಾಗಲೆಲ್ಲ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋಗುತ್ತಾಳೆ. ಪಾಪ, ಕೆಮ್ಮು ಬಂತು ಎಂದುಕೊಳ್ಳುತ್ತಾರೆ ಜನ. ಒಂದು ಸಲ ನಾನೂ ಹಿಂದೆ ಹೋಗಿ ನೋಡಿದೆ. ಹಿತ್ತಲ ಗೋಡೆಗೆ ಕೈಯೂರಿ, ಉಸಿರು ಹಿಡಿಯದ ಹಾಗೆ, ಸ್ವಲ್ಪ ಸ್ವಲ್ಪವಾಗಿ, ನಿಧಾನವಾಗಿ ನಗುತ್ತಿದ್ದಳು.